ಜೋಡಿ ವ್ಯವಸ್ಥೆಗೆ ಒಂಟಿ ವ್ಯವಸ್ಥೆಯ ಜೋಡಣೆ: ಕೈಗಾರಿಕಾ ನಿಯಂತ್ರಣದಲ್ಲಿ ಗೇಟ್‌ವೇಯ ಪಾತ್ರ ಮತ್ತು ಮಿತಿ

1. ಪೀಠಿಕೆ

ಶಾಖೋತ್ಪನ್ನ ವಿದ್ಯುತ್ ಕೇಂದ್ರವೊಂದರ ನಿಯಂತ್ರಣ ಕೊಠಡಿಯನ್ನು ಹೊಕ್ಕವರಿಗೆ ಅಲ್ಲಿನ ಪರದೆಗಳ ಮೇಲೆ ಇಡೀ ಕೇಂದ್ರವು ಒಂದೇ ವ್ಯವಸ್ಥೆಯಂತೆ ತೋರುತ್ತದೆ. ಕುಲುಮೆಯ ಒತ್ತಡ, ಟರ್ಬೈನಿನ ವೇಗ, ಕಲ್ಲಿದ್ದಲು ಬಂಕರಿನ ಮಟ್ಟ, ಖನಿಜರಹಿತ ನೀರಿನ ತೊಟ್ಟಿಯ ಸ್ಥಿತಿ ಎಲ್ಲವೂ ಒಂದೇ ಬಗೆಯ ಅಂಕಿಗಳಲ್ಲಿ, ಒಂದೇ ಬಗೆಯ ಬಣ್ಣಗಳಲ್ಲಿ ಮೂಡುತ್ತವೆ. ಆದರೆ ಈ ಅಂಕಿಗಳ ಮೂಲಗಳು ಒಂದೇ ದರ್ಜೆಯವಲ್ಲ. ಬಾಯ್ಲರ್ ಹಾಗೂ ಟರ್ಬೈನುಗಳನ್ನು ನಡೆಸುವ ನಿಯಂತ್ರಕಗಳು ಸಾಮಾನ್ಯವಾಗಿ ಜೋಡಿಯಾಗಿರುತ್ತವೆ; ಒಂದು ಕೆಟ್ಟರೆ ಇನ್ನೊಂದು ಆ ಕ್ಷಣವೇ ಹೊಣೆ ಹೊರುತ್ತದೆ. ಕಲ್ಲಿದ್ದಲು ಸಾಗಣೆ, ಬೂದಿ ವಿಲೇವಾರಿ, ನೀರಿನ ಶುದ್ಧೀಕರಣ ಮೊದಲಾದ ಪೂರಕ ಘಟಕಗಳನ್ನು ಬೇರೆ ಬೇರೆ ತಯಾರಕರು ತಮ್ಮ ತಮ್ಮ ನಿಯಂತ್ರಕಗಳೊಡನೆ ಪೂರೈಸಿರುತ್ತಾರೆ. ಅವುಗಳಲ್ಲಿ ಹಲವು ಒಂಟಿಯಾಗಿಯೇ ಇರುತ್ತವೆ. ಈ ಎರಡು ಬಗೆಯ ವ್ಯವಸ್ಥೆಗಳ ನಡುವೆ ನಿಂತು ಮಾಹಿತಿಯನ್ನು ಅತ್ತಿಂದಿತ್ತ ಸಾಗಿಸುವ ಸಾಧನವೇ ಗೇಟ್‌ವೇ.

ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ 1985ರಲ್ಲಿ 210 ಮೆಗಾವಾಟ್ ಸಾಮರ್ಥ್ಯದ ಮೊದಲ ಘಟಕವು ಕಾರ್ಯಾರಂಭ ಮಾಡಿದಂದಿನಿಂದ ಶಾಖೋತ್ಪನ್ನ ವಿದ್ಯುತ್ತು ನಮ್ಮ ರಾಜ್ಯದ ವಿದ್ಯುತ್ ಪೂರೈಕೆಯ ಒಂದು ಆಧಾರವಾಗಿದೆ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಯ ಎಲೆಕ್ಟ್ರಾನಿಕ್ಸ್ ವಿಭಾಗವು ವಿದ್ಯುತ್ ಕೇಂದ್ರಗಳಿಗೆ ಬೇಕಾದ ನಿಯಂತ್ರಣ ವ್ಯವಸ್ಥೆಗಳನ್ನು ತಯಾರಿಸುತ್ತದೆ. ಆದುದರಿಂದ ಈ ವಿಷಯವು ಕನ್ನಡ ನಾಡಿನ ಇಂಜಿನಿಯರುಗಳಿಗೆ ದೂರದ್ದಲ್ಲ. ಆದರೂ ಕನ್ನಡದಲ್ಲಿ ಇದರ ವಿವೇಚನೆ ವಿರಳ. ಗೇಟ್‌ವೇಯ ಕಾರ್ಯವಿಧಾನವನ್ನು ವಿವರಿಸಿ, ಅದರ ಮಿತಿಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ. ಗೇಟ್‌ವೇ ಸರಿಯಾಗಿ ಮಾತನಾಡುತ್ತಿರುವಾಗ ಏನಾಗುತ್ತದೆ ಎಂಬುದಕ್ಕಿಂತ, ಅದು ಮೌನವಾದಾಗ ಏನಾಗಬೇಕು ಎಂಬುದನ್ನು ಮೊದಲು ನಿರ್ಧರಿಸಿದ ವಿನ್ಯಾಸವೇ ವಿಶ್ವಾಸಾರ್ಹವಾದುದು ಎಂಬುದು ಇಲ್ಲಿ ಪ್ರತಿಪಾದಿಸಲಾಗುವ ವಿಚಾರ.

2. ಪರಿಭಾಷೆ

ಇಂಜಿನಿಯರುಗಳು ರಿಡಂಡೆಂಟ್ ಎಂದು ಕರೆಯುವ ವ್ಯವಸ್ಥೆಯನ್ನು ಈ ಲೇಖನದಲ್ಲಿ ‘ಜೋಡಿ ವ್ಯವಸ್ಥೆ’ ಎಂದೂ, ಅಂತಹ ಮೀಸಲು ಇಲ್ಲದ ವ್ಯವಸ್ಥೆಯನ್ನು ‘ಒಂಟಿ ವ್ಯವಸ್ಥೆ’ ಎಂದೂ ಕರೆಯಲಾಗಿದೆ. ಜೋಡಿ ವ್ಯವಸ್ಥೆಯಲ್ಲಿ ಎರಡು ನಿಯಂತ್ರಕಗಳು ಒಂದೇ ಕಾರ್ಯಕ್ರಮವನ್ನು ಹೊಂದಿರುತ್ತವೆ. ಅವುಗಳಲ್ಲಿ ಒಂದು ಸಕ್ರಿಯ, ಇನ್ನೊಂದು ಸನ್ನದ್ಧ. ಸನ್ನದ್ಧ ನಿಯಂತ್ರಕವು ಸಕ್ರಿಯ ನಿಯಂತ್ರಕದ ಆಂತರಿಕ ಸ್ಥಿತಿಯನ್ನು ಸದಾ ತನ್ನಲ್ಲಿ ಪ್ರತಿಬಿಂಬಿಸಿಕೊಳ್ಳುತ್ತದೆ. ಸೀಮೆನ್ಸ್ ಸಂಸ್ಥೆಯ ಎಸ್7-400ಎಚ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದರ ಎರಡು ಸಂಸ್ಕಾರಕಗಳನ್ನು ದ್ಯುತಿತಂತುಗಳ ಮೂಲಕ ಸಮಕಾಲಿಕವಾಗಿ ಇರಿಸಲಾಗುತ್ತದೆ. ಸಕ್ರಿಯ ನಿಯಂತ್ರಕ ಕೆಟ್ಟಾಗ ಸನ್ನದ್ಧ ನಿಯಂತ್ರಕವು ಅಧಿಕಾರ ವಹಿಸಿಕೊಳ್ಳುವುದನ್ನು ‘ಅಧಿಕಾರ ಬದಲಾವಣೆ’ ಎನ್ನಬಹುದು. ಈ ಬದಲಾವಣೆಯ ವೇಳೆ ಕವಾಟವೊಂದು ಅಲುಗದಿದ್ದರೆ, ಮೋಟಾರೊಂದು ನಿಲ್ಲದಿದ್ದರೆ ಅದನ್ನು ನಿರ್ವಿಘ್ನ ಬದಲಾವಣೆ ಎನ್ನುತ್ತೇವೆ.

ಒಂಟಿ ವ್ಯವಸ್ಥೆಯನ್ನು ಕಳಪೆ ಎಂದು ತಿಳಿಯಬೇಕಾಗಿಲ್ಲ. ಬಂಕರುಗಳಲ್ಲಿ ಕಲ್ಲಿದ್ದಲಿನ ಸಂಗ್ರಹವಿರುವಾಗ ಸಾಗಣೆಯ ಪಟ್ಟಿಯು ಸ್ವಲ್ಪ ಕಾಲ ನಿಂತರೂ ಬಾಯ್ಲರು ಉರಿಯುತ್ತಲೇ ಇರುತ್ತದೆ. ಹೀಗೆ ಪ್ರಕ್ರಿಯೆಯಲ್ಲೇ ಬಿಡುವು ಇರುವೆಡೆ ನಿಯಂತ್ರಕವನ್ನು ಇಮ್ಮಡಿಗೊಳಿಸುವ ವೆಚ್ಚಕ್ಕೆ ಸಮರ್ಥನೆ ದೊರೆಯುವುದಿಲ್ಲ. ಪ್ರಶ್ನೆ ಉದ್ಭವಿಸುವುದು ಇವೆರಡನ್ನೂ ಕೂಡಿಸಬೇಕಾದಾಗ.

3. ನೇರ ಜೋಡಣೆಯ ತೊಡಕುಗಳು

ಒಂಟಿ ಉಪಕರಣವೊಂದನ್ನು ಜೋಡಿ ನಿಯಂತ್ರಕಗಳಿಗೆ ನೇರವಾಗಿ ಜೋಡಿಸಲು ಏಕೆ ಸಾಧ್ಯವಾಗುವುದಿಲ್ಲ? ಇದಕ್ಕೆ ಮೂರು ಕಾರಣಗಳನ್ನು ಹೇಳಬಹುದು.

ಮೊದಲನೆಯದು ಭೌತಿಕವಾದುದು. ಒಂಟಿ ಉಪಕರಣಕ್ಕೆ ಇರುವುದು ಒಂದೇ ಸಂವಹನ ಕಿಂಡಿ. ಜೋಡಿ ವ್ಯವಸ್ಥೆಯಲ್ಲಾದರೋ ಎರಡು ಪ್ರತ್ಯೇಕ ಕೇಬಲ್‌ಗಳಿರುತ್ತವೆ. ಒಂದಕ್ಕೆ ಜೋಡಿಸಿದರೆ ಇನ್ನೊಂದಕ್ಕೆ ಉಪಕರಣವು ಕಾಣದು.

ಎರಡನೆಯದು ಅಧಿಕಾರಕ್ಕೆ ಸಂಬಂಧಿಸಿದುದು. ಜರ್ಮನಿಯಲ್ಲಿ 1987ರಲ್ಲಿ ಆರಂಭವಾದ ಯೋಜನೆಯೊಂದರ ಫಲವಾಗಿ ರೂಪುಗೊಂಡ ಪ್ರೊಫಿಬಸ್ ಎಂಬ ಫೀಲ್ಡ್‌ಬಸ್‌ನಲ್ಲಿ, ಅಧೀನ ಉಪಕರಣವು ತನ್ನನ್ನು ಸಜ್ಜುಗೊಳಿಸಿದ ಮಾಸ್ಟರ್ ಒಂದರಿಂದ ಮಾತ್ರ ಆಜ್ಞೆ ಸ್ವೀಕರಿಸುತ್ತದೆ. ಅದಕ್ಕೆ ಇಬ್ಬರು ಯಜಮಾನರಿರುವುದು ನಿಯಮಕ್ಕೆ ಒಗ್ಗದು. ಇದು ದೋಷವಲ್ಲ, ಕವಾಟವೊಂದಕ್ಕೆ ಏಕಕಾಲದಲ್ಲಿ ತೆರೆ ಎಂದೂ ಮುಚ್ಚು ಎಂದೂ ಎರಡು ಆಜ್ಞೆಗಳು ಬಾರದಂತೆ ತಡೆಯುವ ಉಪಾಯ.

ಮೂರನೆಯದು ಕಾಲಕ್ಕೆ ಸಂಬಂಧಿಸಿದುದು. ನಿಗದಿತ ಅವಧಿಯೊಳಗೆ ಮಾಸ್ಟರ್‌ನಿಂದ ಸಂದೇಶ ಬಾರದಿದ್ದರೆ ಅಧೀನ ಉಪಕರಣದ ಕಾವಲು ಗಡಿಯಾರವು ನಿರ್ಗಮನಗಳನ್ನು ಸುರಕ್ಷಿತ ಸ್ಥಿತಿಗೆ ಒಯ್ಯುತ್ತದೆ. ಅಧಿಕಾರ ಬದಲಾವಣೆಗೆ ತಗಲುವ ಸಮಯವು ಈ ಅವಧಿಯನ್ನು ಮೀರಿದರೆ, ಜೋಡಿ ವ್ಯವಸ್ಥೆಯು ತಾನು ಬದುಕಿಯೂ ತನ್ನ ಅಧೀನ ಉಪಕರಣವನ್ನು ಕಳೆದುಕೊಳ್ಳುತ್ತದೆ. ಯಾವ ವಿಘ್ನವನ್ನು ತಡೆಯಲೆಂದು ಎರಡನೆಯ ನಿಯಂತ್ರಕವನ್ನು ಇರಿಸಲಾಗಿತ್ತೋ ಅದೇ ವಿಘ್ನ ಆಗ ಸಂಭವಿಸುತ್ತದೆ.

4. ಗೇಟ್‌ವೇಯ ಮೂರು ಮಾದರಿಗಳು

ಈ ತೊಡಕುಗಳನ್ನು ಪರಿಹರಿಸುವ ಕ್ರಮಗಳು ಹಲವು. ಅವುಗಳ ಪೈಕಿ ಭಿನ್ನ ತತ್ತ್ವಗಳನ್ನು ಆಧರಿಸಿದ ಮೂರನ್ನು ಇಲ್ಲಿ ಪರಿಶೀಲಿಸಬಹುದು.

ಅ) ವೈ ಆಕಾರದ ಕೊಂಡಿ: ಪ್ರೊಫಿಬಸ್ ಆಧಾರಿತ ಜೋಡಿ ವ್ಯವಸ್ಥೆಗಳಲ್ಲಿ ವೈ-ಲಿಂಕ್ ಎಂಬ ಸಾಧನ ಬಳಕೆಯಲ್ಲಿದೆ. ಇದರ ಮೇಲ್ಬದಿಯಲ್ಲಿ ಎರಡು ಸಂಪರ್ಕ ಘಟಕಗಳಿರುತ್ತವೆ. ಒಂದೊಂದೂ ಜೋಡಿ ನಿಯಂತ್ರಕಗಳ ಒಂದೊಂದು ಬಸ್‌ಗೆ ಸೇರಿರುತ್ತದೆ. ಇವೆರಡೂ ವೈ-ಸಂಯೋಜಕದ ಮೂಲಕ ಕೆಳಗಿನ ಒಂಟಿ ಬಸ್‌ಗೆ ಕೂಡಿಕೊಳ್ಳುತ್ತವೆ. ಈ ಸಾಧನಕ್ಕೆ ಎರಡು ಮುಖಗಳಿವೆ. ಮೇಲಿನ ನಿಯಂತ್ರಕಗಳಿಗೆ ಇದು ಅಧೀನ ಉಪಕರಣ. ಕೆಳಗಿನ ಉಪಕರಣಗಳಿಗೆ ಇದೇ ಮಾಸ್ಟರ್. ಮೇಲೆ ಅಧಿಕಾರ ಬದಲಾದಾಗಲೂ ಕೆಳಗಿನ ಉಪಕರಣಗಳು ಅದೇ ಮಾಸ್ಟರ್‌ನೊಡನೆ ಸಂಭಾಷಣೆ ಮುಂದುವರಿಸುತ್ತವೆ. ಹೀಗಾಗಿ ಅವುಗಳಿಗೆ ಬದಲಾವಣೆಯ ಅರಿವೇ ಆಗುವುದಿಲ್ಲ. ಆದರೆ ಸಂಯೋಜಕವೂ ಅದರ ಕೆಳಗಿನ ಕೇಬಲ್ಲೂ ಒಂಟಿಯೇ ಎಂಬುದನ್ನು ಮರೆಯಲಾಗದು. ಅವು ಕೆಟ್ಟರೆ ಆ ಶಾಖೆಯಷ್ಟೂ ಕಳೆದುಹೋಗುತ್ತದೆ. ಮೇಲಿನ ವ್ಯವಸ್ಥೆ ಮಾತ್ರ ಅಬಾಧಿತವಾಗಿ ಉಳಿಯುತ್ತದೆ.

ಆ) ಮೋಡ್‌ಬಸ್ ಗೇಟ್‌ವೇ: ಮೋಡಿಕಾನ್ ಸಂಸ್ಥೆಯು 1979ರಲ್ಲಿ ಪ್ರಕಟಿಸಿದ ಮೋಡ್‌ಬಸ್ ಪ್ರೊಟೊಕಾಲ್ ತನ್ನ ಸರಳತೆಯಿಂದಾಗಿ ಇಂದಿಗೂ ಪೂರಕ ಘಟಕಗಳ ಸಾಮಾನ್ಯ ಭಾಷೆಯಾಗಿ ಉಳಿದಿದೆ. ಆದರೆ ಈ ಸರಳತೆಗೆ ಬೆಲೆಯಿದೆ. ಮೋಡ್‌ಬಸ್ ಸಾಗಿಸುವುದು 16 ಬಿಟ್‌ಗಳ ರಿಜಿಸ್ಟರುಗಳನ್ನು ಮತ್ತು ಒಂಟಿ ಬಿಟ್‌ಗಳನ್ನು ಮಾತ್ರ. ಮೌಲ್ಯವು ಯಾವಾಗ ಅಳೆಯಲ್ಪಟ್ಟಿತು, ಅದು ನಂಬಲರ್ಹವೇ ಎಂಬ ಮಾಹಿತಿಗೆ ಈ ಪ್ರೊಟೊಕಾಲ್‌ನಲ್ಲಿ ಸ್ಥಾನವಿಲ್ಲ. 32 ಬಿಟ್‌ಗಳ ಅಂಕಿಯೊಂದನ್ನು ಎರಡು ರಿಜಿಸ್ಟರುಗಳಲ್ಲಿ ಇರಿಸಿ ಎರಡು ಬೇರೆ ಸಂದೇಶಗಳಲ್ಲಿ ಓದಿದರೆ, ಅರ್ಧ ಹಳೆಯ ಅರ್ಧ ಹೊಸ ಅಂಕಿ ದೊರೆಯುವ ಸಾಧ್ಯತೆಯೂ ಇದೆ. ಜೋಡಿ ನಿಯಂತ್ರಕಗಳಿಗೆ ಎರಡು ವಿಳಾಸಗಳಿರುವಾಗ ಯಾವುದು ಸಕ್ರಿಯ ಎಂಬುದನ್ನು ಪ್ರೊಟೊಕಾಲ್ ತಿಳಿಸುವುದಿಲ್ಲ. ಅದನ್ನು ವಿನ್ಯಾಸಕಾರನೇ ಒಂದು ಸ್ಥಿತಿಸೂಚಕ ಬಿಟ್‌ನ ಮೂಲಕ ಒದಗಿಸಬೇಕಾಗುತ್ತದೆ.

ಇ) ರೆಡ್‌ಬಾಕ್ಸ್: ವಿದ್ಯುತ್ ಉಪಕೇಂದ್ರಗಳಲ್ಲಿ ಸಂದೇಶಗಳಿಗೆ ಕ್ಷಣಕಾಲದ ತಡೆಯೂ ಒಪ್ಪಿತವಲ್ಲ. ಅಲ್ಲಿಗೆಂದು ರೂಪುಗೊಂಡ ಪಿಆರ್‌ಪಿ ಎಂಬ ಸಮಾನಾಂತರ ಜಾಲ ಕ್ರಮವನ್ನು ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ 62439-3 ಮಾನಕವು ನಿರೂಪಿಸುತ್ತದೆ. ಇದರಲ್ಲಿ ಕಳುಹಿಸುವ ಉಪಕರಣವು ಪ್ರತಿ ಸಂದೇಶದ ಎರಡು ಪ್ರತಿಗಳನ್ನು ಎರಡು ಪ್ರತ್ಯೇಕ ಜಾಲಗಳಲ್ಲಿ ಒಟ್ಟಿಗೆ ರವಾನಿಸುತ್ತದೆ. ಸಂದೇಶದ ಕೊನೆಗೆ ಸೇರಿಸಿದ 6 ಬೈಟ್‌ಗಳ ಗುರುತಿನಲ್ಲಿ ಕ್ರಮಸಂಖ್ಯೆಯಿರುತ್ತದೆ. ಸ್ವೀಕರಿಸುವ ಉಪಕರಣವು ಮೊದಲು ಬಂದ ಪ್ರತಿಯನ್ನು ಉಳಿಸಿಕೊಂಡು ಎರಡನೆಯದನ್ನು ತ್ಯಜಿಸುತ್ತದೆ. ಒಂದು ಜಾಲ ಕಡಿದುಹೋದರೂ ಇನ್ನೊಂದರ ಪ್ರತಿ ಬಂದೇ ಬರುವುದರಿಂದ ಇಲ್ಲಿ ಅಧಿಕಾರ ಬದಲಾವಣೆಯ ಸಮಯ ಎಂಬುದೇ ಇಲ್ಲ. ಒಂದೇ ಕಿಂಡಿಯುಳ್ಳ ಉಪಕರಣಗಳನ್ನು ಈ ಜಾಲಗಳಿಗೆ ಸೇರಿಸುವ ಪೆಟ್ಟಿಗೆಗೆ ರೆಡ್‌ಬಾಕ್ಸ್ ಎಂದು ಹೆಸರು. ಅದು ಒಂಟಿ ಉಪಕರಣದ ಪರವಾಗಿ ಪ್ರತಿಗಳನ್ನು ಸೃಷ್ಟಿಸುವ ಮತ್ತು ತ್ಯಜಿಸುವ ಕೆಲಸ ಮಾಡುತ್ತದೆ. ಇಲ್ಲಿಯೂ ಪೆಟ್ಟಿಗೆಯಿಂದ ಉಪಕರಣಕ್ಕೆ ಹೋಗುವ ಕೊನೆಯ ತಂತಿ ಒಂದೇ.

ಮೂರೂ ಮಾದರಿಗಳಲ್ಲಿ ಸಮಾನವಾಗಿ ಕಾಣುವ ಅಂಶವೊಂದಿದೆ. ಒಂಟಿತನವು ಎಲ್ಲಿಯೂ ಅಳಿಯುವುದಿಲ್ಲ; ಅದರ ಸ್ಥಾನ ಮಾತ್ರ ಬದಲಾಗುತ್ತದೆ. ಎರಡು ಕಂಬಗಳ ಮೇಲೆ ಒಂದೇ ತೊಲೆಯನ್ನು ಇರಿಸಿದಾಗ, ಕಂಬಗಳು ಎರಡಿವೆ ಎಂಬ ಕಾರಣಕ್ಕೆ ತೊಲೆ ಎರಡಾಗುವುದಿಲ್ಲ.

5. ಲಭ್ಯತೆಯ ಲೆಕ್ಕ

ಈ ಮಾತನ್ನು ಅಂಕಿಗಳ ಮೂಲಕ ಸ್ಪಷ್ಟಪಡಿಸಬಹುದು. ವಿವರಣೆಗಾಗಿ, ನಿಯಂತ್ರಕವೊಂದರ ಲಭ್ಯತೆ ಶೇಕಡಾ 99.9 ಎಂದು ಊಹಿಸೋಣ. ವರ್ಷದ 8760 ಗಂಟೆಗಳಲ್ಲಿ ಅದು ಸುಮಾರು 8.76 ಗಂಟೆಗಳ ಕಾಲ ಕೆಲಸಕ್ಕೆ ದೊರೆಯದು ಎಂದರ್ಥ. ಅಂತಹ ಎರಡನ್ನು ಜೋಡಿಯಾಗಿಸಿ, ಅವುಗಳ ವೈಫಲ್ಯಗಳು ಪರಸ್ಪರ ಸಂಪೂರ್ಣ ಸ್ವತಂತ್ರವೆಂದು ಭಾವಿಸಿದರೆ, ಎರಡೂ ಒಟ್ಟಿಗೆ ಕೆಡುವ ಸಂಭವ 0.001 ಗುಣಿಸು 0.001, ಅಂದರೆ ಹತ್ತು ಲಕ್ಷದಲ್ಲಿ ಒಂದು. ವರ್ಷಕ್ಕೆ ಸುಮಾರು 32 ಸೆಕೆಂಡುಗಳು ಮಾತ್ರ.

ಈಗ ಈ ಜೋಡಿಯ ಮುಂದೆ ಶೇಕಡಾ 99.9 ಲಭ್ಯತೆಯ ಒಂಟಿ ಗೇಟ್‌ವೇಯೊಂದನ್ನು ಇರಿಸೋಣ. ಗೇಟ್‌ವೇಯ ಮೂಲಕ ಬರುವ ಮಾಹಿತಿಗೆ ಎರಡೂ ಬೇಕಾಗುವುದರಿಂದ ಲಭ್ಯತೆಗಳನ್ನು ಗುಣಿಸಬೇಕು. ಫಲಿತಾಂಶ ಶೇಕಡಾ 99.8999. ಅಲಭ್ಯತೆ ಮತ್ತೆ ವರ್ಷಕ್ಕೆ 8.77 ಗಂಟೆ. ಜೋಡಿಯಿಂದ ಗಳಿಸಿದ್ದೆಲ್ಲವೂ ಆ ಮಾಹಿತಿಯ ಮಟ್ಟಿಗೆ ಗೇಟ್‌ವೇಯಲ್ಲಿ ಕರಗಿಹೋಯಿತು.

ಹಾಗಾದರೆ ಗೇಟ್‌ವೇಯನ್ನೂ ಇಮ್ಮಡಿಗೊಳಿಸಿದರೆ ಆಗದೇ ಎಂಬ ಪ್ರಶ್ನೆ ಸಹಜ. ಪ್ರಯೋಜನವಿದೆ, ಆದರೆ ಎಣಿಸಿದಷ್ಟಿಲ್ಲ. ಎರಡು ಗೇಟ್‌ವೇಗಳು ಒಂದೇ ತಯಾರಿಕೆಯವು, ಒಂದೇ ತಂತ್ರಾಂಶವುಳ್ಳವು, ಒಂದೇ ಕಪಾಟಿನಲ್ಲಿ ಒಂದೇ ವಿದ್ಯುತ್ ಮೂಲದಿಂದ ನಡೆಯುವವು. ಅವುಗಳ ವೈಫಲ್ಯಗಳಲ್ಲಿ ಶೇಕಡಾ 5ರಷ್ಟು ಸಮಾನ ಕಾರಣದಿಂದ ಉಂಟಾಗುತ್ತವೆ ಎಂದು ಊಹಿಸಿದರೂ ಸಾಕು, ಗೇಟ್‌ವೇ ಜೋಡಿಯ ಅಲಭ್ಯತೆ ವರ್ಷಕ್ಕೆ 32 ಸೆಕೆಂಡುಗಳಿಂದ ಸುಮಾರು 27 ನಿಮಿಷಗಳಿಗೆ ಏರುತ್ತದೆ. ಸಮಾನ ಕಾರಣದ ಈ ಪಾಲನ್ನು ವಿಶ್ವಾಸಾರ್ಹತಾ ಶಾಸ್ತ್ರದಲ್ಲಿ ಬೀಟಾ ಅಂಶ ಎನ್ನುತ್ತಾರೆ. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ಟಿನ ಮೊದಲ ಹಾರಾಟದಲ್ಲಿ ದಿಕ್ಕು ತಿಳಿಸುವ ಎರಡು ಘಟಕಗಳು ಒಂದೇ ತಂತ್ರಾಂಶದ ಒಂದೇ ದೋಷದಿಂದ, ಕೇವಲ 72 ಮಿಲಿಸೆಕೆಂಡುಗಳ ಅಂತರದಲ್ಲಿ ಕೈಕೊಟ್ಟವು. ಮೊದಲು ನಿಂತುಹೋದುದು ಮೀಸಲು ಘಟಕವೇ. ಒಂದೇ ತಪ್ಪನ್ನು ಎರಡು ಬಾರಿ ಇರಿಸಿದರೆ ಅದು ಮೀಸಲಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

6. ಬ್ರೌನ್ಸ್ ಫೆರಿಯ ಪಾಠ

ಗೇಟ್‌ವೇಯು ಕೇವಲ ಮಾಹಿತಿ ಸಾಗಿಸುವ ದಾರಿಯಲ್ಲ, ತೊಂದರೆಯನ್ನು ತಡೆಯುವ ಗಡಿಯೂ ಹೌದು. ಇಂತಹ ಗಡಿ ಇಲ್ಲದಿದ್ದಾಗ ಏನಾಗಬಹುದೆಂಬುದನ್ನು ಅಮೆರಿಕದ ಅಲಬಾಮಾ ರಾಜ್ಯದ ಬ್ರೌನ್ಸ್ ಫೆರಿ ಪರಮಾಣು ವಿದ್ಯುತ್ ಕೇಂದ್ರದ ಘಟನೆ ತೋರಿಸಿಕೊಟ್ಟಿತು.

2006ರ ಆಗಸ್ಟ್ 19ರಂದು ಅಲ್ಲಿನ ಮೂರನೆಯ ಘಟಕದಲ್ಲಿ ರಿಯಾಕ್ಟರಿಗೆ ನೀರನ್ನು ಮರುಪರಿಚಲಿಸುವ ಎರಡೂ ಪಂಪುಗಳು ನಿಂತುಹೋದವು. ನಿಯಮದಂತೆ ನಿರ್ವಾಹಕರು ರಿಯಾಕ್ಟರನ್ನು ಕೈಯಾರೆ ಸ್ಥಗಿತಗೊಳಿಸಬೇಕಾಯಿತು. ಪಂಪುಗಳು ಎರಡು, ಅವುಗಳ ವೇಗವನ್ನು ನಿಯಂತ್ರಿಸುವ ಸಾಧನಗಳೂ ಪ್ರತ್ಯೇಕ. ಆದರೆ ಆ ನಿಯಂತ್ರಕಗಳು ಕೇಂದ್ರದ ಒಂದೇ ಈಥರ್‌ನೆಟ್ ಜಾಲಕ್ಕೆ ಸೇರಿದ್ದವು. ಘನೀಕೃತ ನೀರನ್ನು ಶುದ್ಧೀಕರಿಸುವ ಘಟಕದ ನಿಯಂತ್ರಕವೂ ಅದೇ ಜಾಲದಲ್ಲಿತ್ತು ಮತ್ತು ಅದೂ ಆಗಲೇ ವಿಫಲವಾಯಿತು. ಜಾಲದಲ್ಲಿ ಸಂದೇಶಗಳ ದಟ್ಟಣೆ ಮಿತಿಮೀರಿದುದರಿಂದ ಪಂಪುಗಳ ನಿಯಂತ್ರಕಗಳು ಸ್ಪಂದಿಸದಾದವು ಎಂಬುದು ತನಿಖೆಯಿಂದ ತಿಳಿದ ಅಂಶ. ಅಮೆರಿಕದ ಪರಮಾಣು ನಿಯಂತ್ರಣ ಆಯೋಗವು 2007ರಲ್ಲಿ ಈ ಬಗ್ಗೆ ಇತರ ಕೇಂದ್ರಗಳಿಗೆ ಮಾಹಿತಿ ಸೂಚನೆ ಹೊರಡಿಸಿತು. ಆ ನಿಯಂತ್ರಕಗಳನ್ನು ತಲುಪುವ ಸಂದೇಶಗಳನ್ನು ಮಿತಗೊಳಿಸುವ ಫೈರ್‌ವಾಲ್‌ಗಳನ್ನು ಅಳವಡಿಸಿದುದು ಅಲ್ಲಿ ಕೈಗೊಂಡ ಪರಿಹಾರ.

ಇಲ್ಲಿ ಗಮನಿಸಬೇಕಾದುದೇನೆಂದರೆ, ಪಂಪನ್ನು ನಡೆಸಲು ಆ ಜಾಲದ ಅಗತ್ಯವೇ ನಿಯಂತ್ರಕಕ್ಕೆ ಇರಬೇಕಾಗಿರಲಿಲ್ಲ. ಮಾಹಿತಿ ಹಂಚಿಕೊಳ್ಳಲೆಂದು ತೆರೆದ ಕಿಂಡಿಯೇ ತೊಂದರೆಯ ಪ್ರವೇಶದ್ವಾರವಾಯಿತು. ಆದುದರಿಂದ ಒಳ್ಳೆಯ ಗೇಟ್‌ವೇಯು ನಿರ್ದಿಷ್ಟ ಸಂದೇಶಗಳನ್ನು, ನಿರ್ದಿಷ್ಟ ವೇಗದಲ್ಲಿ ಮಾತ್ರ ಒಳಬಿಡಬೇಕು. ಒಂಟಿ ಬದಿಯಲ್ಲಿ ಜಾಲವು ಎಷ್ಟೇ ಕೆಟ್ಟರೂ ಜೋಡಿ ಬದಿಯ ನಿಯಂತ್ರಕದ ಸ್ಕ್ಯಾನ್ ಅವಧಿ ಹೆಚ್ಚಬಾರದು.

7. ಮೌನದ ವಿನ್ಯಾಸ

ಗೇಟ್‌ವೇ ಕೆಡುವುದಕ್ಕಿಂತ ಅಪಾಯಕರವಾದುದು ಅದು ಕೆಟ್ಟಿದ್ದು ತಿಳಿಯದಿರುವುದು. ಹಲವು ಗೇಟ್‌ವೇಗಳು ಒಂಟಿ ಬದಿಯಿಂದ ಕೊನೆಯದಾಗಿ ಬಂದ ಮೌಲ್ಯವನ್ನು ತಮ್ಮ ಸ್ಮೃತಿಯಲ್ಲಿ ಇರಿಸಿಕೊಂಡು, ಕೇಳಿದಾಗಲೆಲ್ಲ ಅದನ್ನೇ ಒಪ್ಪಿಸುತ್ತವೆ. ಕಲ್ಲಿದ್ದಲು ಘಟಕದ ತಂತಿ ಕಡಿದಿದೆ ಎಂದು ಊಹಿಸೋಣ. ಗೇಟ್‌ವೇ ಮತ್ತು ಜೋಡಿ ನಿಯಂತ್ರಕಗಳ ನಡುವಿನ ಸಂಪರ್ಕ ಮಾತ್ರ ಸುಸ್ಥಿತಿಯಲ್ಲಿದೆ. ಬಂಕರಿನ ಮಟ್ಟ ಶೇಕಡಾ 70 ಎಂದು ಪರದೆಯು ಗಂಟೆಗಟ್ಟಲೆ ತೋರಿಸುತ್ತಲೇ ಇರುತ್ತದೆ, ಬಂಕರು ಬರಿದಾಗುತ್ತಿರುತ್ತದೆ. ಸಂವಹನ ದೋಷದ ಎಚ್ಚರಿಕೆ ಎಲ್ಲಿಯೂ ಮೊಳಗುವುದಿಲ್ಲ. ನಿರ್ವಾಹಕನು ನಂಬಿದ ಅಂಕಿಯೇ ಅವನನ್ನು ದಾರಿ ತಪ್ಪಿಸುತ್ತದೆ. ಇದನ್ನು ತಪ್ಪಿಸಲು ಈ ಕೆಳಗಿನ ಕ್ರಮಗಳು ಅಗತ್ಯ.

ಮೊದಲನೆಯದಾಗಿ, ನಾಡಿಮಿಡಿತದ ಪರಿಶೀಲನೆ. ಒಂಟಿ ನಿಯಂತ್ರಕದ ಕಾರ್ಯಕ್ರಮದಲ್ಲೇ ನಿಯಮಿತವಾಗಿ ಏರುವ ಎಣಿಕೆಯೊಂದನ್ನು ಇರಿಸಬೇಕು. ಜೋಡಿ ನಿಯಂತ್ರಕವು ಆ ಎಣಿಕೆ ಬದಲಾಗುತ್ತಿದೆಯೇ ಎಂದು ನೋಡುತ್ತಿರಬೇಕು. ಎಣಿಕೆ ನಿಂತರೆ ಆ ಮೂಲದ ಎಲ್ಲ ಮೌಲ್ಯಗಳನ್ನೂ ಅವಿಶ್ವಸನೀಯವೆಂದು ಗುರುತಿಸಿ, ಪರದೆಯಲ್ಲಿ ಬೇರೆ ಬಣ್ಣದಲ್ಲಿ ತೋರಿಸಬೇಕು. ಈ ಎಣಿಕೆಯನ್ನು ಗೇಟ್‌ವೇಯಲ್ಲಿ ಸೃಷ್ಟಿಸುವುದು ವ್ಯರ್ಥ. ಆಗ ಅದು ಗೇಟ್‌ವೇಯ ಜೀವಂತಿಕೆಯನ್ನು ಮಾತ್ರ ಹೇಳುತ್ತದೆ, ಅದರಾಚೆಯ ಮೂಲದ್ದನ್ನಲ್ಲ.

ಎರಡನೆಯದಾಗಿ, ಪ್ರತಿಯೊಂದು ಸಂಕೇತಕ್ಕೂ ಪೂರ್ವನಿರ್ಧರಿತ ನಡೆ. ಸಂಪರ್ಕ ತಪ್ಪಿದಾಗ ಕೊನೆಯ ಮೌಲ್ಯವನ್ನು ಉಳಿಸಿಕೊಳ್ಳಬೇಕೇ, ಸುರಕ್ಷಿತ ಮೌಲ್ಯಕ್ಕೆ ಹೋಗಬೇಕೇ, ಸ್ವಯಂಚಾಲಿತ ನಿಯಂತ್ರಣವನ್ನು ಕೈನಿಯಂತ್ರಣಕ್ಕೆ ಬದಲಿಸಬೇಕೇ ಎಂಬುದನ್ನು ಸಂಕೇತ ಸಂಕೇತಕ್ಕೂ ಪಟ್ಟಿಮಾಡಬೇಕು. ಇದು ಯಂತ್ರಾಂಶದ ಪ್ರಶ್ನೆಯಲ್ಲ, ಪ್ರಕ್ರಿಯೆಯನ್ನು ಬಲ್ಲವರು ಉತ್ತರಿಸಬೇಕಾದ ಪ್ರಶ್ನೆ.

ಮೂರನೆಯದಾಗಿ, ಮರುಕಳಿಸಿದರೂ ಕೆಡುಕಾಗದ ಆಜ್ಞೆಗಳು. ಅಧಿಕಾರ ಬದಲಾವಣೆಯಾದಾಗ ಹೊಸದಾಗಿ ಸಕ್ರಿಯವಾದ ನಿಯಂತ್ರಕವು ಹಿಂದಿನ ಆಜ್ಞೆಯನ್ನು ಮತ್ತೊಮ್ಮೆ ಕಳುಹಿಸುವ ಸಂಭವವಿದೆ. ‘ವೇಗವನ್ನು ಶೇಕಡಾ 5ರಷ್ಟು ಹೆಚ್ಚಿಸು’ ಎಂಬ ಆಜ್ಞೆ ಎರಡು ಬಾರಿ ತಲುಪಿದರೆ ಹೆಚ್ಚಳ ಇಮ್ಮಡಿಯಾಗುತ್ತದೆ. ‘ವೇಗವನ್ನು ಶೇಕಡಾ 60ಕ್ಕೆ ತಾ’ ಎಂಬುದು ಎಷ್ಟು ಬಾರಿ ತಲುಪಿದರೂ ಪರಿಣಾಮ ಒಂದೇ. ಗೇಟ್‌ವೇಯ ಮೂಲಕ ಹೋಗುವ ಆಜ್ಞೆಗಳು ಎರಡನೆಯ ಬಗೆಯವಾಗಿರಬೇಕು.

ನಾಲ್ಕನೆಯದಾಗಿ, ಗೇಟ್‌ವೇಯ ಮೂಲಕ ಹೋಗಬಾರದ ಸಂಕೇತಗಳ ವಿವೇಚನೆ. ಯಂತ್ರವನ್ನಾಗಲೀ ಮನುಷ್ಯರನ್ನಾಗಲೀ ರಕ್ಷಿಸುವ ಸಂಕೇತಗಳನ್ನು ಪ್ರತ್ಯೇಕ ತಾಮ್ರದ ತಂತಿಗಳಲ್ಲಿ ನೇರವಾಗಿ ಒಯ್ಯಬೇಕು. ಸಹಜ ಸ್ಥಿತಿಯಲ್ಲಿ ಆ ತಂತಿಯಲ್ಲಿ ವಿದ್ಯುತ್ ಹರಿಯುತ್ತಿದ್ದು, ತಂತಿ ಕಡಿದಾಗ ಯಂತ್ರವು ಸುರಕ್ಷಿತ ಸ್ಥಿತಿಗೆ ಹೋಗುವಂತಿರಬೇಕು. ಇದು ಹಳೆಯ ವಿಧಾನವಾದರೂ ಇದಕ್ಕೆ ತಂತ್ರಾಂಶದ ಹಂಗಿಲ್ಲ.

8. ಪರೀಕ್ಷೆಯ ಮಹತ್ವ

ವ್ಯವಸ್ಥೆಯನ್ನು ಹಸ್ತಾಂತರಿಸುವ ಮುನ್ನ ನಡೆಯುವ ಪರೀಕ್ಷೆಗಳಲ್ಲಿ ನಿಯಂತ್ರಕವೊಂದರ ವಿದ್ಯುತ್ತನ್ನು ತೆಗೆದು ಅಧಿಕಾರ ಬದಲಾವಣೆಯನ್ನು ನೋಡುವುದು ವಾಡಿಕೆ. ಇಷ್ಟು ಸಾಲದು. ನಿಜವಾದ ವೈಫಲ್ಯಗಳು ಅಷ್ಟು ಶುದ್ಧವಾಗಿರುವುದಿಲ್ಲ. ಸಂವಹನ ಕೇಬಲ್ಲನ್ನು ಮಾತ್ರ ಕಳಚಿ ನೋಡಬೇಕು. ಗೇಟ್‌ವೇಗೆ ವಿದ್ಯುತ್ ಇರುವಾಗಲೇ ಅದರ ಒಂಟಿ ಬದಿಯನ್ನು ಕಡಿದು ನೋಡಬೇಕು. ಒಂಟಿ ನಿಯಂತ್ರಕವನ್ನು ನಿಲ್ಲಿಸಿ ಅದರ ಸಂವಹನ ಘಟಕವನ್ನು ಮಾತ್ರ ಜೀವಂತವಾಗಿ ಇರಿಸಿ ನೋಡಬೇಕು. ಮುಖ್ಯವಾಗಿ, ಜೋಡಿ ನಿಯಂತ್ರಕಗಳ ನಡುವಿನ ಪರಸ್ಪರ ಸಂಪರ್ಕವನ್ನೇ ಕಡಿದಾಗ ಎರಡೂ ತಾವೇ ಸಕ್ರಿಯವೆಂದು ಭಾವಿಸಿ ಗೇಟ್‌ವೇಗೆ ಆಜ್ಞೆ ನೀಡತೊಡಗುತ್ತವೆಯೇ ಎಂಬುದನ್ನು ಪರಿಶೀಲಿಸಬೇಕು. ಸನ್ನದ್ಧ ಬದಿಯ ದೋಷವು ದೈನಂದಿನ ಕೆಲಸದಲ್ಲಿ ಗೋಚರಿಸದ ಕಾರಣ, ಅಧಿಕಾರ ಬದಲಾವಣೆಯನ್ನು ವಾರ್ಷಿಕ ದುರಸ್ತಿಯ ಸಮಯದಲ್ಲಾದರೂ ಮತ್ತೆ ಮತ್ತೆ ನಡೆಸಿ ನೋಡುವುದು ಲೇಸು.

9. ಉಪಸಂಹಾರ

ಜೋಡಿ ವ್ಯವಸ್ಥೆಯನ್ನು ಒಂಟಿ ವ್ಯವಸ್ಥೆಯೊಡನೆ ಕೂಡಿಸುವುದು ಅನಿವಾರ್ಯ. ಎಲ್ಲವನ್ನೂ ಇಮ್ಮಡಿಗೊಳಿಸುವುದು ದುಬಾರಿ, ಅನಗತ್ಯ ಕೂಡ. ಆದರೆ ಗೇಟ್‌ವೇಯು ಒಂದು ಬದಿಯ ವಿಶ್ವಾಸಾರ್ಹತೆಯನ್ನು ಇನ್ನೊಂದು ಬದಿಗೆ ದಾಟಿಸುತ್ತದೆ ಎಂಬ ಭಾವನೆ ಸರಿಯಲ್ಲ. ಅದು ದಾಟಿಸುವುದು ಮಾಹಿತಿಯನ್ನು ಮಾತ್ರ. ಜೋಡಿಯ ಭರವಸೆ ಎಲ್ಲಿ ಕೊನೆಗೊಳ್ಳುತ್ತದೆ ಎಂಬುದನ್ನು ನಕ್ಷೆಯ ಮೇಲೆ ಗೆರೆ ಎಳೆದು ಗುರುತಿಸಬೇಕು. ಆ ಗೆರೆಯಾಚೆಯಿಂದ ಬರುವ ಪ್ರತಿಯೊಂದು ಅಂಕಿಯೂ ಇಲ್ಲದೆಯೇ ಬಾಯ್ಲರನ್ನೂ ಟರ್ಬೈನನ್ನೂ ಸುರಕ್ಷಿತವಾಗಿ ನಡೆಸಲು ಅಥವಾ ನಿಲ್ಲಿಸಲು ಸಾಧ್ಯವಾಗಬೇಕು. ಪರದೆಯ ಮೇಲೆ ಎಲ್ಲ ಅಂಕಿಗಳೂ ಒಂದೇ ಬಗೆಯಲ್ಲಿ ಕಾಣುವ ಕೊಠಡಿಯಲ್ಲಿ, ಯಾವುದು ಈ ಕ್ಷಣದ್ದು, ಯಾವುದು ಹಳೆಯದು ಎಂಬುದನ್ನು ನಿರ್ವಾಹಕನಿಗೆ ಪ್ರಾಮಾಣಿಕವಾಗಿ ತಿಳಿಸುವುದು ವಿನ್ಯಾಸಕಾರನ ಮೊದಲ ಹೊಣೆ.